ಮೈನಸ್ 30 ಡಿಗ್ರಿ ಚಳಿಯ ಊರಲ್ಲೂ ಸೊಳ್ಳೆ ಇರುತ್ತಾ? ಉತ್ತರಕ್ಕೆ ಎಲ್ಲಿವರೆಗೆ?

ಡೊಂಬಿವಲಿ ಶಾಲಿನಿ

ನಮ್ಮ ಅಕ್ಕನ ಮಗ ಕಳೆದ ವರ್ಷ ಓದಲು ಫಿನ್ಲೆಂಡಿಗೆ ಹೋದ. ಹೊರಡುವ ಹಿಂದಿನ ರಾತ್ರಿ ಅಕ್ಕ ಅವನ ಪೆಟ್ಟಿಗೆಯಿಂದ ಸೊಳ್ಳೆ ಮುಲಾಮಿನ ಟ್ಯೂಬ್ ತೆಗೆದು ನನ್ನ ಕೈಗಿಟ್ಟಳು. "ಹಿಮ ಬೀಳೋ ಊರಲ್ಲಿ ಇದಕ್ಕೇನು ಕೆಲಸ? ನೀನೇ ಇಟ್ಕೋ" ಅಂದಳು. ನನಗೂ ಸರಿ ಅನ್ನಿಸಿತು.

ಮೊನ್ನೆ ಭಾನುವಾರ ಅವನು ವಿಡಿಯೋ ಕಾಲ್ ಮಾಡಿದ. ಗೆಳೆಯರ ಜೊತೆ ಫಿನ್ಲೆಂಡಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ ಇನಾರಿ ಅನ್ನೋ ಊರಿಗೆ ಹೋಗಿದ್ದ. ತಲೆಯಿಂದ ಕುತ್ತಿಗೆವರೆಗೆ ಬಲೆ, ಜೇನು ಕೀಳುವವರ ಥರ. ತೋಳಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಸೊಳ್ಳೆಗಳು. ಕಾಫಿ ಕುಡಿಯಲು ಬಲೆ ಎತ್ತಿದ, ಅಷ್ಟರಲ್ಲೇ ಎರಡು ಸೊಳ್ಳೆ ಕಪ್ಪಿಗೆ ಬಿದ್ದವು. ಜನವರಿಯಲ್ಲಿ ಆ ಕಡೆ ಮೈನಸ್ 30 ಇದೆ ಅಂತ ಹೇಳಿದ್ದವನೂ ಇವನೇ!

ಅಷ್ಟು ಚಳಿಯಲ್ಲಿ ಇವು ಸಾಯೋದಿಲ್ವಾ? ಚಳಿಗಾಲದಲ್ಲಿ ಎಲ್ಲಿರ್ತವೆ? ಉತ್ತರಕ್ಕೆ ಎಲ್ಲಿವರೆಗೆ ಇವೆ, ಧ್ರುವದವರೆಗೂನಾ? ನಾವಿಲ್ಲಿ ಡಿಸೆಂಬರ್ ಬಂದರೆ "ಚಳಿ ಬಂತು, ಇನ್ನು ಸೊಳ್ಳೆ ಕಡಿಮೆ" ಅಂತ ಸಮಾಧಾನ ಪಟ್ಕೋತೀವಿ. ಅದೂ ಸುಳ್ಳಾ?

ರಾಘು ಮುಲುಂಡ್

ಅದು ಸೊಳ್ಳೆ ಆಗಿರೋಕೆ ಸಾಧ್ಯ ಇಲ್ಲ. ನೊರಜು ಇರಬೇಕು. ಸೊಳ್ಳೆಗೆ ಬಿಸಿ ಬೇಕು, ಕೊಳಚೆ ನೀರು ಬೇಕು. ಫಿನ್ಲೆಂಡಲ್ಲಿ ಎರಡೂ ಇಲ್ಲ.

ಡೊಂಬಿವಲಿ ಶಾಲಿನಿ

ರಾಘು ಅವರೇ, ಅವನ ಮಣಿಕಟ್ಟು ಪೂರ್ತಿ ಊದಿತ್ತು. ಉದ್ದ ಕಾಲು, ಸೂಜಿ ಮೂತಿ, ಗುಂಯ್ ಅನ್ನೋ ಸದ್ದು. ನಲವತ್ತು ವರ್ಷ ಸೊಳ್ಳೆ ಕೈಲಿ ಕಚ್ಚಿಸಿಕೊಂಡವಳಿಗೆ ಗುರುತು ಸಿಗಲ್ವಾ?

ಗಿರಿ ಮೇಷ್ಟ್ರು, ಪುಣೆ

ಶಾಲಿನಿ ಹೇಳೋದು ಸರಿ. ಲ್ಯಾಪ್‌ಲ್ಯಾಂಡಲ್ಲಿ ಬೇಸಿಗೆಯ ರಕ್ತ ಹೀರುವ ಹುಳಗಳ ಕಾಟಕ್ಕೇ ಒಂದು ಹೆಸರಿದೆ, 'ರಾಕ್ಕಾ' ಅಂತಾರೆ. ಅದರಲ್ಲಿ ಸೊಳ್ಳೆಯೂ ಇದೆ, ನೊರಜೂ ಇದೆ, ಕಪ್ಪು ನೊಣವೂ ಇದೆ. ಹಾಗಾಗಿ ರಾಘು ಅವರದ್ದೂ ಪೂರ್ತಿ ತಪ್ಪಲ್ಲ. ಆದರೆ ಕೈ ಊದಿಸಿದ್ದು ಸೊಳ್ಳೆಯೇ ಇರಬೇಕು.

ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದ ಆಗುತ್ತೆ, ಓದಿ.

ಸೊಳ್ಳೆಯಲ್ಲಿ 3500ಕ್ಕೂ ಜಾಸ್ತಿ ಜಾತಿ ಇವೆ. ನಾವು ಮುಂಬೈ, ಪುಣೆಯಲ್ಲಿ ನೋಡುವ ನಾಲ್ಕೈದನ್ನೇ ಸೊಳ್ಳೆ ಅಂದುಕೊಂಡಿದ್ದೀವಿ. ಉತ್ತರದ ತುದಿಯಲ್ಲಿರುವ ಮುಖ್ಯ ಸೊಳ್ಳೆಯ ಹೆಸರು ಈಡಿಸ್ ನಿಗ್ರಿಪಿಸ್. ನಮ್ಮ ಡೆಂಗಿ ಸೊಳ್ಳೆ ಈಡಿಸ್ ಈಜಿಪ್ಟಿ ಇದೆಯಲ್ಲ, ಅದರ ಬಳಗವೇ. ಗ್ರೀನ್‌ಲ್ಯಾಂಡ್, ಅಲಾಸ್ಕಾ, ಸೈಬೀರಿಯಾ, ಎಲ್ಲ ಕಡೆ ಇದೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹೇಜನ್ ಅಂತ ಒಂದು ಸರೋವರ ಇದೆ. ಹತ್ತಿರ ಹತ್ತಿರ 82 ಡಿಗ್ರಿ ಉತ್ತರ ಅಕ್ಷಾಂಶ. ಅಲ್ಲಿಂದ ಧ್ರುವಕ್ಕೆ ಸುಮಾರು 900 ಕಿಲೋಮೀಟರ್, ಮುಂಬೈಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವುದಕ್ಕಿಂತ ಕಡಿಮೆ. ಅಲ್ಲೂ ಇದೇ ಸೊಳ್ಳೆ ಇದೆ. 1960ರ ದಶಕದಲ್ಲೇ ವಿಜ್ಞಾನಿಗಳು ಅಲ್ಲಿ ಬೀಡುಬಿಟ್ಟು ಇದನ್ನು ನೋಡಿ ಬರೆದಿಟ್ಟಿದ್ದಾರೆ.

ಅದರಾಚೆ ಸ್ವಲ್ಪ ದೂರಕ್ಕೇ ನೆಲ ಮುಗಿಯುತ್ತೆ. ಮುಂದೆ ಬರೀ ಹೆಪ್ಪುಗಟ್ಟಿದ ಸಮುದ್ರ. ಮೊಟ್ಟೆ ಇಡಲು ಹೊಂಡವೇ ಇಲ್ಲ. ಧ್ರುವದಲ್ಲಿ ಸೊಳ್ಳೆ ಇಲ್ಲದಿರೋದು ಬರೀ ಚಳಿಯಿಂದ ಅಲ್ಲ, ನೆಲ ಇಲ್ಲ ಅಂತ.

ಹೋಟ್ಲು ಸುಧಾಕರ, ಮಾಟುಂಗಾ

82 ಡಿಗ್ರಿಯಾ! ಮಾರಾಯ್ರೇ, ಅಲ್ಲಿ ಅವು ಯಾರನ್ನು ಕಚ್ಚುವುದು? ಮನುಷ್ಯರೇ ಇಲ್ಲವಲ್ಲ.

ಗಿರಿ ಮೇಷ್ಟ್ರು, ಪುಣೆ

ಕಸ್ತೂರಿ ಎತ್ತು, ಮೊಲ, ಹಕ್ಕಿ, ಸಿಕ್ಕಿದ್ದನ್ನು ಕಚ್ಚುತ್ತವೆ. ಏನೂ ಸಿಗಲಿಲ್ಲ ಅಂದರೂ ನಡೆಯುತ್ತೆ. ನೀರಲ್ಲಿ ಮರಿಹುಳು ಆಗಿದ್ದಾಗ ತಿಂದು ಕೂಡಿಟ್ಟುಕೊಂಡ ಸತ್ವದಲ್ಲೇ ಅಲ್ಲಿಯ ಹೆಣ್ಣು ಸೊಳ್ಳೆ ಕೆಲವು ಮೊಟ್ಟೆ ಇಡಬಲ್ಲದು, ಒಂದು ಹನಿ ರಕ್ತ ಇಲ್ಲದೆ. ರಕ್ತ ಸಿಕ್ಕರೆ ಜಾಸ್ತಿ ಇಡುತ್ತೆ, ಅಷ್ಟೆ.

ರಾಘು ಮುಲುಂಡ್

ಸರಿ ಒಪ್ಪಿದೆ. ಆದರೆ ಮೈನಸ್ 30ರಲ್ಲಿ ಹೇಗೆ ಬದುಕುತ್ತೆ? ಅದನ್ನು ಯಾರೂ ಹೇಳ್ತಾ ಇಲ್ಲ. ನಮ್ಮ ಮನೆ ಫ್ರೀಜರಲ್ಲಿಟ್ಟರೆ ಯಾವ ಹುಳವೂ ಉಳಿಯಲ್ಲ.

ಗಿರಿ ಮೇಷ್ಟ್ರು, ಪುಣೆ

ಸೊಳ್ಳೆ ಬದುಕೋದಿಲ್ಲ ರಾಘು, ಮೊಟ್ಟೆ ಬದುಕುತ್ತೆ. ಇಡೀ ವಿಷಯದ ಗುಟ್ಟು ಇದೇ.

ಬೇಸಿಗೆ ಕೊನೆಗೆ ಹೆಣ್ಣು ಸೊಳ್ಳೆ ಹೊಂಡದ ಅಂಚಿನ ಹಸಿ ಮಣ್ಣಲ್ಲಿ, ಪಾಚಿಯಲ್ಲಿ ಮೊಟ್ಟೆ ಇಟ್ಟು ಸಾಯುತ್ತೆ. ಮೊಟ್ಟೆಯೊಳಗೆ ಮರಿ ಪೂರ್ತಿ ಬೆಳೆದು, ಬೆಳವಣಿಗೆ ನಿಲ್ಲಿಸಿ, ಹಾಗೇ ಮಲಗುತ್ತೆ. ಮೇಲೆ ಹಿಮ ಬೀಳುತ್ತೆ. ಹಿಮ ಅಂದರೆ ನಮಗೆ ಚಳಿ, ಅದಕ್ಕೆ ಕಂಬಳಿ. ಮೇಲೆ ಗಾಳಿ ಮೈನಸ್ 30 ಇದ್ದರೂ ದಪ್ಪ ಹಿಮದ ಕೆಳಗಿನ ನೆಲ ಅಷ್ಟು ತಣ್ಣಗಿರೋದಿಲ್ಲ.

ಹಿಮ ಕರಗಿದಾಗ ಆ ನೀರು ಇಂಗಬೇಕಲ್ಲ? ಇಂಗಲ್ಲ. ಆ ಬಯಲುಗಳಲ್ಲಿ ಒಂದೆರಡು ಅಡಿ ಕೆಳಗೆ ನೆಲ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತೆ. ಸಿಮೆಂಟಿನ ತಳ ಇದ್ದ ಹಾಗೆ. ಕಣ್ಣು ಹಾಯಿಸಿದಷ್ಟೂ ಹೊಂಡಗಳು. ಎಲ್ಲ ಮೊಟ್ಟೆಯೂ ಒಟ್ಟಿಗೆ ಒಡೆಯುತ್ತವೆ. ಇಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಲು ವಾರ ಹತ್ತು ದಿನ ಸಾಕು. ಅಲ್ಲಿ ನೀರು ತಣ್ಣಗಿರೋದರಿಂದ ಮೂರು ನಾಲ್ಕು ವಾರ ಬೇಕು. ವರ್ಷಕ್ಕೆ ಒಂದೇ ತಲೆಮಾರು. ಇಡೀ ವರ್ಷದ ಸೊಳ್ಳೆ ಕೆಲವೇ ವಾರದಲ್ಲಿ ಮೇಲೇಳುತ್ತೆ. ನಿಮ್ಮ ಅಕ್ಕನ ಮಗನ ತೋಳಿನ ಮೇಲಿನ ಎಳ್ಳು ಅದೇ.

ಗ್ಯಾರೇಜ್ ಮಂಜು, ಭಾಂಡುಪ್

ಮೇಷ್ಟ್ರೇ, ಹಿಮದ ಕಂಬಳಿ ಇದ್ದರೂ ಸೊನ್ನೆಗಿಂತ ಕೆಳಗೇ ಅಲ್ವಾ? ಒಳಗಿನ ನೀರು ಗಡ್ಡೆ ಕಟ್ಟಿ ಒಡೆಯಬೇಕು. ಮನಾಲಿಗೆ ಬರೀ ನೀರು ಹಾಕಿಕೊಂಡು ಹೋದ ಗಾಡಿಯ ರೇಡಿಯೇಟರ್ ಒಡೆದು ಬಂದಿದ್ದನ್ನು ನಾನೇ ಬಿಚ್ಚಿದ್ದೀನಿ.

ಗಿರಿ ಮೇಷ್ಟ್ರು, ಪುಣೆ

ರೇಡಿಯೇಟರಿಗೆ ನೀವೇನು ಹಾಕ್ತೀರಿ? ಕೂಲಂಟ್ ಅಲ್ವಾ? ಶೀತ ದೇಶದ ಎಷ್ಟೋ ಕೀಟಗಳು ಮೈಯಲ್ಲೇ ಅಂಥದ್ದು ಮಾಡಿಕೊಳ್ಳುತ್ತವೆ. ಗ್ಲಿಸರಾಲ್ ಅಂತ, ಕೂಲಂಟಿನ ಹತ್ತಿರದ ನೆಂಟ. ಜೊತೆಗೆ ಮೈಯ ನೀರನ್ನೂ ಕಡಿಮೆ ಮಾಡಿಕೊಳ್ಳುತ್ತವೆ. ಗಡ್ಡೆ ಕಟ್ಟಲು ನೀರೇ ಇಲ್ಲದಿದ್ದರೆ ಒಡೆಯೋದೇನು?

ಗ್ಯಾರೇಜ್ ಮಂಜು, ಭಾಂಡುಪ್

ಈಗ ತಲೆಗೆ ಹೋಯ್ತು ಸರ್.

ರಾಘು ಮುಲುಂಡ್

ಆದರೆ ಐಸ್‌ಲ್ಯಾಂಡಲ್ಲಿ ಒಂದೂ ಸೊಳ್ಳೆ ಇಲ್ಲ. ಇದನ್ನು ಖಚಿತವಾಗಿ ಓದಿದ್ದೀನಿ. ಗ್ರೀನ್‌ಲ್ಯಾಂಡಲ್ಲಿ ಇದ್ದು ಪಕ್ಕದಲ್ಲಿ ಯಾಕಿಲ್ಲ?

ಕಾವ್ಯ, ಪಣಜಿ

ಹಳೇ ಮಾತು ರಾಘು ಅಣ್ಣ. 2025ರ ಅಕ್ಟೋಬರಲ್ಲಿ ಅಲ್ಲೂ ಸಿಕ್ಕಿತು. ರಾಜಧಾನಿ ರೇಕ್ಯಾವಿಕ್‌ನಿಂದ ಉತ್ತರಕ್ಕೆ ಕ್ಯೋಸ್ ಅನ್ನೋ ಕಡೆ, ಎರಡು ಹೆಣ್ಣು, ಒಂದು ಗಂಡು. ಹುಳ ನೋಡುವ ಹವ್ಯಾಸದ ಒಬ್ಬರು ಪತಂಗ ಹಿಡಿಯಲು ಸಕ್ಕರೆ ಬೆರೆಸಿದ ಕೆಂಪು ವೈನಲ್ಲಿ ಹಗ್ಗ ಅದ್ದಿ ನೇತುಹಾಕಿದ್ದರು. ಅದರ ಮೇಲೆ ಬಂದು ಕೂತಿದ್ದವು. ಜಾತಿ ಕ್ಯೂಲಿಸೆಟಾ ಆನ್ಯುಲೇಟಾ. ಇದು ಮೊಟ್ಟೆಯಾಗಿ ಅಲ್ಲ, ದೊಡ್ಡ ಸೊಳ್ಳೆಯಾಗಿಯೇ ಕೊಟ್ಟಿಗೆ, ನೆಲಮಾಳಿಗೆಗಳಲ್ಲಿ ಅಡಗಿ ಚಳಿಗಾಲ ಕಳೆಯುತ್ತೆ.

ಅಷ್ಟು ದಿನ ಯಾಕಿರಲಿಲ್ಲ ಅನ್ನೋದಕ್ಕೆ ಜನ ಜಾಸ್ತಿ ಹೇಳುವ ಕಾರಣ, ಅಲ್ಲಿಯ ಚಳಿಗಾಲ ಸಮುದ್ರದಿಂದಾಗಿ ಒಂದೇ ಸಮ ಇರಲ್ಲ. ಹೆಪ್ಪುಗಟ್ಟುತ್ತೆ, ಕರಗುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ. ಕರಗಿದಾಗ ಎದ್ದ ಮರಿ ಮತ್ತೆ ಹೆಪ್ಪುಗಟ್ಟಿದಾಗ ಸಾಯುತ್ತೆ.

ರಾಘು ಮುಲುಂಡ್

ಅಂದರೆ ಕಡು ಚಳಿ ಪರವಾಗಿಲ್ಲ, ನಡುವೆ ಬಂದು ಹೋಗುವ ಬಿಸಿಲೇ ಕಷ್ಟ! ನಾನು ಪೂರ್ತಿ ಉಲ್ಟಾ ಯೋಚನೆ ಮಾಡಿದ್ದೆ. ಥ್ಯಾಂಕ್ಸ್ ಕಾವ್ಯ.

ಬಸು ವಾಸ್ಕೋ

ನಾನು ಬಾಗಲಕೋಟೆಯವ, ಹದಿನೆಂಟು ವರ್ಷದಿಂದ ವಾಸ್ಕೋದಾಗೆ ಇದ್ದೀನ್ರಿ. ನಮ್ಮ ಮನೆ ಹತ್ತಿರಾನೇ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಐತಿ. ಎಷ್ಟೋ ಗೋವಾದವರಿಗೇ ಗೊತ್ತಿಲ್ಲ. ಭಾರತದ ಧ್ರುವದ ಕೆಲಸ ಎಲ್ಲಾ ನಡೆಸೋದು ಇಲ್ಲಿಂದಾನೇ. ಉತ್ತರದಾಗೆ ಸ್ವಾಲ್‌ಬಾರ್ಡ್ ದ್ವೀಪದಾಗೆ ಹಿಮಾದ್ರಿ ಅಂತ ನಮ್ಮ ನೆಲೆ ಐತಿ, 2008ರಾಗ ಶುರುವಾತು. ಅದು 79 ಡಿಗ್ರಿ ಉತ್ತರ. ಮೇಷ್ಟ್ರೇ, ಅಲ್ಲಿ ಸೊಳ್ಳಿ ಐತೇನ್ರಿ?

ಗಿರಿ ಮೇಷ್ಟ್ರು, ಪುಣೆ

ಸ್ವಾಲ್‌ಬಾರ್ಡಲ್ಲಿ ಅದೇ ನಿಗ್ರಿಪಿಸ್ ಇದೆ ಬಸು.

ಬಸು ವಾಸ್ಕೋ

ಮತ್ತೆ ದಕ್ಷಿಣ ಧ್ರುವ? ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದವರೊಬ್ಬರು ನಮ್ಮ ಅಂಗಡಿಗೆ ಬರ್ತಿದ್ದರು. ಅಲ್ಲಿಯ ನಮ್ಮ ದೇಶದ ಮೈತ್ರಿ ನೆಲೆಯಾಗೆ ಒಂದು ಚಳಿಗಾಲ ಕಳೆದವರು. "ಬಸು, ಅಲ್ಲಿ ಹೋದ ಮೇಲೆ ಮೊದಲು ಮರೆತದ್ದು ಸೊಳ್ಳಿ ಸದ್ದು. ವಾಪಸ್ ಬಂದು ವಾಸ್ಕೋ ಮನೆಯಾಗೆ ಮೊದಲ ರಾತ್ರಿ ಕಿವಿ ಹತ್ತಿರ ಗುಂಯ್ ಅಂದಾಗ ಊರಿಗೆ ಬಂದೆ ಅನ್ನಿಸಿತು" ಅಂದಿದ್ದರು.

ಕಾವ್ಯ, ಪಣಜಿ

ಎಷ್ಟು ಚೆಂದ ಹೇಳಿದ್ದಾರೆ! ನಿಜ, ಅಂಟಾರ್ಕ್ಟಿಕಾದಲ್ಲಿ ಸೊಳ್ಳೆ ಇಲ್ಲ. ಅಲ್ಲಿಯ ಸ್ವಂತ ಕೀಟ ಅಂತ ಇರೋದು ಒಂದು ನೊರಜು, ಬೆಲ್ಜಿಕಾ ಅಂಟಾರ್ಕ್ಟಿಕಾ. ಅದಕ್ಕೆ ರೆಕ್ಕೆಯೇ ಇಲ್ಲ. ಕಚ್ಚೋದೂ ಇಲ್ಲ.

ಹೋಟ್ಲು ಸುಧಾಕರ, ಮಾಟುಂಗಾ

ಬಸು ಅವರೇ, ನಿಮ್ಮಲ್ಲಿ ಸೊಳ್ಳೆಗೆ ಬೇರೆ ಹೆಸರಿಲ್ಲವಾ? ನಮ್ಮ ತುಳುವಿನಲ್ಲಿ ಉಮಿಲ್. ಅಡಿಗೆಯ ಭಟ್ಟರು ಹವ್ಯಕರು, ಅವರು ನುಸಿ ಅನ್ನುತ್ತಾರೆ. ಕೆಲಸದ ಹುಡುಗರು ಮರಾಠಿಯಲ್ಲಿ ಡಾಸ್ ಅನ್ನುತ್ತಾರೆ. ಸೊಳ್ಳೆಯೂ ಸೇರಿ ಒಂದೇ ಅಡಿಗೆಮನೆಯಲ್ಲಿ ನಾಲ್ಕು ಹೆಸರು.

ಬಸು ವಾಸ್ಕೋ

ನಮ್ಮ ಅಜ್ಜಿ ಗುಂಗಾಡ ಅಂತಿದ್ದಳು. ಸಂಜಿ ಆದ ಕೂಡಲೇ "ಗುಂಗಾಡ ಬಂದೂ, ಬಾಗಿಲ ಹಾಕ್ರೋ" ಅಂತ ಕೂಗು. ಬೇವಿನ ತಪ್ಪಲಿನ ಹೊಗಿ ಹಾಕ್ತಿದ್ದಳು.

ನಿಶಾ ಕೊತ್ರೂಡ್

ಹೊಗೆ ವಿಷಯ ಬಂತಲ್ಲ, ಒಂದು ಮಾತು. ಮುಚ್ಚಿದ ಕೋಣೆಯಲ್ಲಿ ಬೇವಿನ ಹೊಗೆಯಾಗಲಿ, ಬತ್ತಿಯಾಗಲಿ ಮಕ್ಕಳಿಗೆ ಒಳ್ಳೆಯದಲ್ಲ. ಪರದೆ ಕಟ್ಟಿ ಮಲಗಿಸಿ.

ಈಗ ಮೂಲ ವಿಷಯ. ನಾನು ಲ್ಯಾಬಲ್ಲಿ ರಕ್ತದ ಸ್ಲೈಡ್ ನೋಡುವವಳು. ಉತ್ತರದಲ್ಲಿ ಸೊಳ್ಳೆ ಇದ್ದರೂ ಕಾಯಿಲೆ ಇಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. 1920ರ ದಶಕದ ಆರಂಭದಲ್ಲಿ ಸೋವಿಯತ್ ರಷ್ಯಾದಲ್ಲಿ ದೊಡ್ಡ ಮಲೇರಿಯಾ ಪಿಡುಗು ಬಂತು. ಅದು ಆರ್ಖಾಂಗೆಲ್ಸ್ಕ್‌ವರೆಗೆ ಮುಟ್ಟಿತ್ತು. ಧ್ರುವ ವೃತ್ತಕ್ಕೆ ಹತ್ತಿರದ ಊರು! ಫಿನ್ಲೆಂಡಲ್ಲೂ ಮಲೇರಿಯಾ ಇತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿಯ ಸೈನಿಕರಿಗೂ ಬಂದಿದೆ.

ಹೇಗೆ ಅಂದರೆ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಚಳಿಗಾಲದಲ್ಲಿ ಮನೆಯೊಳಗೆ, ಕೊಟ್ಟಿಗೆಯೊಳಗೆ ಸೇರಿಕೊಳ್ಳುತ್ತಿತ್ತು. ಜನರೂ ದನಗಳೂ ಬೆಚ್ಚಗೆ ಒಂದೇ ಸೂರಿನಡಿ ಇರುತ್ತಿದ್ದರು. ಹೊರಗೆ ಹಿಮ, ಒಳಗೆ ಒಲೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ವೈವಾಕ್ಸ್ ಪರಾವಲಂಬಿ ಬೆಳೆಯಲು ಸುಮಾರು 16 ಡಿಗ್ರಿ ಸಾಕು. ಮಲೇರಿಯಾದ್ದೇ ಇನ್ನೊಂದು ಪರಾವಲಂಬಿ ಫಾಲ್ಸಿಪಾರಂಗೆ 18ರ ಮೇಲೆ ಬೇಕು. ಅದಕ್ಕೇ ಉತ್ತರದವರೆಗೆ ಹೋದದ್ದು ವೈವಾಕ್ಸ್. ಇನ್ನೊಂದು, ವೈವಾಕ್ಸ್ ಮನುಷ್ಯನ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಮಲಗಿ ಆಮೇಲೆ ಏಳುತ್ತೆ. ಸೊಳ್ಳೆ ಮೊಟ್ಟೆ ಹಿಮದಡಿ ಮಲಗಿದ ಹಾಗೆ ಇದು ಮನುಷ್ಯನೊಳಗೆ ಮಲಗುತ್ತೆ. ಮುಂಬೈಯಲ್ಲಿ ವೈವಾಕ್ಸ್ ಬಂದವರಿಗೆ ಹದಿನಾಲ್ಕು ದಿನದ ಮಾತ್ರೆ ಕೊಡೋದು ಇದಕ್ಕೇ. ಜ್ವರ ಬಿಟ್ಟಿತು ಅಂತ ನಾಲ್ಕನೇ ದಿನ ನಿಲ್ಲಿಸಿ ಮತ್ತೆ ಬಂದವರ ಸ್ಲೈಡ್ ಎಷ್ಟು ನೋಡಿದ್ದೀನೋ. ದಯವಿಟ್ಟು ಪೂರ್ತಿ ತಗೊಳ್ಳಿ.

ಡೊಂಬಿವಲಿ ಶಾಲಿನಿ

ಅಯ್ಯೋ ನಿಶಾ, ಈಗಲೂ ಅಲ್ಲಿ ಮಲೇರಿಯಾ ಇದೆಯಾ? ಅಕ್ಕನಿಗೆ ಏನಂತ ಹೇಳಲಿ?

ನಿಶಾ ಕೊತ್ರೂಡ್

ಇಲ್ಲ ಅಕ್ಕ, ಹೆದರಬೇಡಿ. ಯುರೋಪಲ್ಲಿ 1970ರ ದಶಕದಲ್ಲೇ ಮಲೇರಿಯಾ ಹೋಯಿತು. ಈಗ ಫಿನ್ಲೆಂಡಲ್ಲಿ ಸೊಳ್ಳೆಯಿಂದ ಬರೋದು ಪೊಗೊಸ್ಟಾ ಅನ್ನೋ ಕಾಯಿಲೆ. ಜ್ವರ, ಮೈಮೇಲೆ ಗಂಧೆ, ಕೀಲು ನೋವು. ನಮ್ಮ ಚಿಕುನ್‌ಗುನ್ಯಾದ ವೈರಸ್ಸಿನ ಕುಟುಂಬವೇ. ಹಕ್ಕಿಗಳಿಂದ ಸೊಳ್ಳೆಗೆ, ಸೊಳ್ಳೆಯಿಂದ ಜನಕ್ಕೆ. ಬೇಸಿಗೆ ಕೊನೆಯಲ್ಲಿ ಜ್ವರದ ಜೊತೆ ಕೀಲು ಹಿಡಿದರೆ ಡಾಕ್ಟರಿಗೆ ತೋರಿಸಲು ಹೇಳಿ. ಆ ಟ್ಯೂಬನ್ನೂ ಕಳಿಸಿ.

ರಾಘು ಮುಲುಂಡ್

ಶಾಲಿನಿಯವರ ಕೊನೆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅನುಭವ, ಮುಲುಂಡಲ್ಲಿ ಡಿಸೆಂಬರಲ್ಲಿ ಸೊಳ್ಳೆ ಕಡಿಮೆ ಆಗೋದೇ ಇಲ್ಲ. ಫೆಬ್ರವರಿಯಲ್ಲಂತೂ ಸಂಜೆ ಬಾಲ್ಕನಿಗೆ ಕಾಲಿಡೋಕೆ ಆಗಲ್ಲ.

ಗಿರಿ ಮೇಷ್ಟ್ರು, ಪುಣೆ

ಯಾವ ಸೊಳ್ಳೆ ಅನ್ನೋದರ ಮೇಲೆ ಹೋಗುತ್ತೆ. ಮಳೆ ನಿಂತ ಮೇಲೆ ಡೆಂಗಿ ಸೊಳ್ಳೆ ಇಳಿಯುತ್ತೆ. ಆದರೆ ರಾತ್ರಿ ಕಚ್ಚುವ ಕ್ಯೂಲೆಕ್ಸ್ ಏರುತ್ತೆ. ಮಳೆಗಾಲದಲ್ಲಿ ಮೋರಿ ತೊಳೆದು ಹೋಗುತ್ತಿರುತ್ತೆ. ಚಳಿಗಾಲದಲ್ಲಿ ಅದೇ ನೀರು ನಿಂತು ಕೊಳೆಯುತ್ತೆ. 2024ರ ಫೆಬ್ರವರಿಯಲ್ಲಿ ಇಲ್ಲಿ ಕೇಶವನಗರ, ಖರಾಡಿ ಕಡೆ ಮುಳಾ ಮುಠಾ ನದಿ ಮೇಲೆ ಸೊಳ್ಳೆಗಳು ಸುಂಟರಗಾಳಿಯ ಕಂಬದ ಹಾಗೆ ಎದ್ದ ವಿಡಿಯೋ ನೀವೆಲ್ಲ ನೋಡಿರಬೇಕು. ನದಿ ತುಂಬ ಜಲಪರ್ಣಿ ಅನ್ನೋ ತೇಲುವ ಕಳೆ, ಹರಿಯದ ನೀರು. ಪುಣೆಯ 10 ಡಿಗ್ರಿ ರಾತ್ರಿಗಳು ಅವಕ್ಕೆ ಯಾವ ಲೆಕ್ಕ?

ಕಾವ್ಯ, ಪಣಜಿ

ಅದರಲ್ಲಿ ಕಚ್ಚದ ನೊರಜೂ ಇತ್ತು ಅಂತ ಆಗ ಕೆಲವರು ಹೇಳಿದ್ದರು ಸರ್. ಆ ಥರ ಕಂಬ ಕಟ್ಟಿ ಹಾರೋದು ನೊರಜೂ ಮಾಡುತ್ತೆ. ಸೊಳ್ಳೆಯಲ್ಲಾದರೆ ಅದು ಹೆಚ್ಚಾಗಿ ಗಂಡುಗಳ ಹಿಂಡು.

ಗಿರಿ ಮೇಷ್ಟ್ರು, ಪುಣೆ

ಇದ್ದಿರಬಹುದು. ಆದರೆ ಆ ತಿಂಗಳು ನಮ್ಮನ್ನು ಕಚ್ಚಿದ್ದು ನೊರಜಲ್ಲ ಕಾವ್ಯ. ನನ್ನ ಮೊಮ್ಮಗಳ ಮುಖ ನೋಡಬೇಕಿತ್ತು.

ಗಂಡಿನ ಮಾತು ಬಂತು. ಗಂಡು ಸೊಳ್ಳೆಗೆ ಹೂವಿನ ರಸವೇ ಊಟ, ಹೆಣ್ಣೂ ಕುಡಿಯುತ್ತೆ. ಉತ್ತರದ ಬಯಲಲ್ಲಿ ಡ್ರಯಾಸ್ ಅನ್ನೋ ಬಿಳಿ ಹೂ ಇದೆ, ಬಟ್ಟಲಿನ ಆಕಾರ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗೋದಿಲ್ಲ. ಹೂ ದಿನವಿಡೀ ಸೂರ್ಯನ ಕಡೆಗೇ ತಿರುಗುತ್ತಾ ಇರುತ್ತೆ. ಬಟ್ಟಲಿನ ಒಳಗೆ ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತೆ. ಸೊಳ್ಳೆ ಅದರೊಳಗೆ ಕೂತು ರಸ ಕುಡಿಯುತ್ತಾ ಮೈ ಕಾಯಿಸಿಕೊಳ್ಳುತ್ತೆ. ಅಷ್ಟು ಚಿಕ್ಕ ಜೀವಕ್ಕೆ ಬದುಕಲು ಎಷ್ಟು ದಾರಿ! ನನಗೆ ಇದನ್ನು ಹೇಳುವಾಗ ಈಗಲೂ ರೋಮಾಂಚನ ಆಗುತ್ತೆ.

ಹೋಟ್ಲು ಸುಧಾಕರ, ಮಾಟುಂಗಾ

ಮೇಷ್ಟ್ರೇ, ಇದನ್ನೆಲ್ಲ ಓದುವಾಗ ನನಗೆ ಒಂದು ಹಳೆ ಸಂಕಟ ನೆನಪಾಯಿತು. ಮೂರು ವರ್ಷದ ಹಿಂದೆ ನಮ್ಮ ಹೋಟೆಲ್ ಹಿಂದೆ ನಾಲ್ಕು ನೀಲಿ ಡ್ರಮ್ ಇಟ್ಟಿದ್ದೆವು. ಮೇ ತಿಂಗಳಲ್ಲಿ ಖಾಲಿ ಮಾಡಿ ಬಿಸಿಲಿಗೆ ಒಣಗಿಸಿದೆ. ಕಟಕಟ ಅನ್ನುವಷ್ಟು ಒಣಗಿತ್ತು. ಜೂನ್ ಮೊದಲ ಮಳೆಗೆ ನೀರು ತುಂಬಿತು. ಒಂದು ವಾರಕ್ಕೆ ಮರಿಹುಳು ಕುಣಿಯುತ್ತಿತ್ತು. ತಿಂಗಳೊಳಗೆ ಇಬ್ಬರು ಹುಡುಗರಿಗೆ ಡೆಂಗಿ. ಒಬ್ಬನ ಪ್ಲೇಟ್ಲೆಟ್ ತೀರಾ ಇಳಿದು ಊರಿಂದ ತಾಯಿ ಓಡಿ ಬಂದರು. ಒಣಗಿಸಿದ ಡ್ರಮ್ಮಿಗೆ ಅಷ್ಟು ಬೇಗ ಎಲ್ಲಿಂದ ಬಂತು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಗಿರಿ ಮೇಷ್ಟ್ರು, ಪುಣೆ

ಸುಧಾಕರ, ಎಲ್ಲಿಂದಲೂ ಬರಬೇಕಾಗಿರಲಿಲ್ಲ. ಡ್ರಮ್ಮಲ್ಲೇ ಇತ್ತು.

ಡೆಂಗಿ ಸೊಳ್ಳೆ ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒಳಗೋಡೆಗೆ ಮೊಟ್ಟೆ ಅಂಟಿಸುತ್ತೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯೋದಿಲ್ಲ. ನೀರು ಮುಟ್ಟಿದ ಕೂಡಲೇ ಒಡೆಯುತ್ತೆ. ನಿಗ್ರಿಪಿಸ್ ಹಿಮ ಕರಗಲಿ ಅಂತ ಕಾಯುತ್ತೆ, ಇದು ಮಳೆ ಬರಲಿ ಅಂತ ಕಾಯುತ್ತೆ. ಅಲ್ಲಿ ಚಳಿಗಾಲ ದಾಟುವ ಉಪಾಯವೂ ಇಲ್ಲಿ ಬೇಸಿಗೆ ದಾಟುವ ಉಪಾಯವೂ ಒಂದೇ. ಅದಕ್ಕೇ ಖಾಲಿ ಮಾಡಿದರೆ ಸಾಲದು, ಒಣಗಿಸಿದರೂ ಸಾಲದು. ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು.

ಹೋಟ್ಲು ಸುಧಾಕರ, ಮಾಟುಂಗಾ

ಇಷ್ಟು ಗೊತ್ತಿದ್ದರೆ ಆ ಹುಡುಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಬೇಕಿರಲಿಲ್ಲ. ನಾಳೆಯೇ ಎಲ್ಲ ಡ್ರಮ್ ಉಜ್ಜಿಸುತ್ತೇನೆ.

ರಾಘು ಮುಲುಂಡ್

ಹಾಗಾದರೆ ಡೆಂಗಿ ಸೊಳ್ಳೆಯೂ ಒಂದು ದಿನ ಫಿನ್ಲೆಂಡಿಗೆ ಹೋಗಬಹುದಲ್ಲ?

ಗಿರಿ ಮೇಷ್ಟ್ರು, ಪುಣೆ

ಈಜಿಪ್ಟಿ ಕಷ್ಟ. ಅದರ ಮೊಟ್ಟೆ ಒಣಗನ್ನು ತಡೆಯುತ್ತೆ, ಉದ್ದದ ಕಡು ಚಳಿಯನ್ನು ತಡೆಯಲ್ಲ. ಆದರೆ ಅದರ ನೆಂಟ ಹುಲಿ ಸೊಳ್ಳೆ ಇದೆ, ಕಾಲ ಮೇಲೆ ಬಿಳಿ ಪಟ್ಟೆ, ಬೆನ್ನ ಮೇಲೆ ನಡುವೆ ಒಂದು ಬಿಳಿ ಗೆರೆ. ಏಷ್ಯಾದ್ದೇ. 1990ರಲ್ಲಿ ಇಟಲಿಯಲ್ಲಿ ಸಿಕ್ಕಿತು, ಈಗ ಫ್ರಾನ್ಸ್ ದಾಟಿ ಮೇಲೆ ಹೋಗುತ್ತಿದೆ. ನಮ್ಮ ಬಿಸಿ ಸೀಮೆಯ ಹುಲಿ ಸೊಳ್ಳೆಗೆ ಇಲ್ಲದ ಒಂದು ಗುಣ ಶೀತ ಸೀಮೆಯದ್ದಕ್ಕೆ ಇದೆ. ಹಗಲು ಚಿಕ್ಕದಾಗುತ್ತಾ ಬಂದರೆ ತಾಯಿಗೆ ಗೊತ್ತಾಗುತ್ತೆ. ಆಗ ಇಡುವ ಮೊಟ್ಟೆ ಚಳಿಗಾಲ ಮುಗಿಯೋವರೆಗೆ ಮಲಗುವಂಥದ್ದು. ಹೋದದ್ದು ಹೇಗೆ ಗೊತ್ತಾ? ಹಡಗಲ್ಲಿ, ಹಳೇ ಟೈರುಗಳ ಒಳಗೆ. ಒಣಗಿದ ಟೈರು, ಒಳಗೆ ಅಂಟಿದ ಮೊಟ್ಟೆ.

ಗ್ಯಾರೇಜ್ ಮಂಜು, ಭಾಂಡುಪ್

ಸರ್, ನನ್ನ ಗ್ಯಾರೇಜ್ ಪಕ್ಕ ಅರವತ್ತು ಹಳೇ ಟೈರ್ ಇವೆ. ಈಗ ಮಳೆ ಬೇರೆ. ಟೈರ್ ಒಳಗೆ ಬ್ರಷ್ ಹೋಗಲ್ಲ. ಏನು ಮಾಡಲಿ?

ಗಿರಿ ಮೇಷ್ಟ್ರು, ಪುಣೆ

ಸಾಧ್ಯವಾದಷ್ಟು ಕೊಟ್ಟುಬಿಡಿ. ಉಳಿದದ್ದನ್ನು ಸೂರಿನಡಿ ಇಡಿ. ಹೊರಗೇ ಇರಬೇಕಾದ್ದಕ್ಕೆ ಡ್ರಿಲ್ ಹಾಕಿ, ಸುತ್ತಲೂ ತೂತು. ನೀರು ನಿಲ್ಲದಿದ್ದರೆ ಮೊಟ್ಟೆ ಇದ್ದರೂ ಮರಿ ಆಗಲ್ಲ.

ಗ್ಯಾರೇಜ್ ಮಂಜು, ಭಾಂಡುಪ್

ಸಂಜೆಯೇ ಶುರು ಮಾಡ್ತೀನಿ. ಪಕ್ಕದ ಪಂಕ್ಚರ್ ಅಂಗಡಿಯವರಿಗೂ ಹೇಳ್ತೀನಿ.

ಕಾವ್ಯ, ಪಣಜಿ

ಶಾಲಿನಿ ಅಕ್ಕ, ಇನ್ನೊಂದು ಸೇರಿಸಿ ಹೇಳ್ತೀನಿ. ಗ್ರೀನ್‌ಲ್ಯಾಂಡಿನ ಹೊಂಡಗಳಲ್ಲಿ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದರು. ಅಲ್ಲಿ 2 ಡಿಗ್ರಿ ಬಿಸಿ ಏರಿದರೆ ಮರಿಹುಳುಗಳು ಸೊಳ್ಳೆಯಾಗಿ ಹೊರಬರುವ ಸಾಧ್ಯತೆ 53 ಪ್ರತಿಶತ ಏರುತ್ತೆ ಅಂತ ಲೆಕ್ಕ. ಬೇಗ ಬೆಳೆಯೋದರಿಂದ ನೀರಿನ ಜೀರುಂಡೆಗಳ ಬಾಯಿಗೆ ಸಿಗುವ ದಿನಗಳು ಕಡಿಮೆ ಆಗುತ್ತವೆ. ಆ ಕಡೆಯ ಹಿಮಸಾರಂಗಗಳು ಸೊಳ್ಳೆ ತಾಳಲಾರದೆ ಮೇಯೋದು ಬಿಟ್ಟು ಗಾಳಿ ಬೀಸುವ ದಿಬ್ಬಕ್ಕೆ, ಕರಗದ ಹಿಮದ ಮೇಲಕ್ಕೆ ಹೋಗಿ ನಿಲ್ಲುತ್ತವೆ. ಕರುಗಳಿಗೆ ಹಾಲು ಸಾಲದಾಗುತ್ತೆ. ಓದಿದಾಗ ತುಂಬಾ ಬೇಜಾರಾಗಿತ್ತು.

ಡೊಂಬಿವಲಿ ಶಾಲಿನಿ

ಇಷ್ಟೆಲ್ಲ ಸಿಗುತ್ತೆ ಅಂದುಕೊಂಡಿರಲಿಲ್ಲ. ಅಕ್ಕನಿಗೆ ಎಲ್ಲ ಓದಿ ಹೇಳಿದೆ. ಮುಲಾಮಿನ ಜೊತೆ ಚಟ್ನಿಪುಡಿಯನ್ನೂ ಕಳಿಸ್ತಾಳಂತೆ.

ಆಮೇಲೆ ಟಾರ್ಚ್ ಹಿಡಿದು ಬಾಲ್ಕನಿಗೆ ಹೋದೆ. ತುಳಸಿ, ಮಲ್ಲಿಗೆ, ಮನಿ ಪ್ಲಾಂಟ್ ಕುಂಡಗಳ ಕೆಳಗಿನ ತಟ್ಟೆ ಎತ್ತಿ ನೋಡಿದೆ. ಎರಡು ಚೊಕ್ಕ ಇದ್ದವು. ಮಲ್ಲಿಗೆಯದರಲ್ಲಿ ಬೆರಳು ಮುಳುಗುವಷ್ಟು ನೀರು. ನನ್ನ ನೆರಳು ಬಿದ್ದ ಕೂಡಲೇ ಏನೋ ಕೊಂಕಿಕೊಂಡು ತಳಕ್ಕೆ ಇಳಿಯಿತು, ಏಳೆಂಟು ಇರಬೇಕು. ನೀರಿನ ಗೆರೆ ಮೇಲೆ ಗಸಗಸೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಅಂಟಿವೆ. ಫೋಟೋ ಹಾಕಿದ್ದೀನಿ. ಮೇಷ್ಟ್ರೇ, ಇವೇನಾ?

ಗಿರಿ ಮೇಷ್ಟ್ರು, ಪುಣೆ

ಇವೇ. ಆ ನೀರನ್ನು ಮೋರಿಗೆ ಚೆಲ್ಲಬೇಡಿ, ಒಣ ಮಣ್ಣಿನ ಮೇಲೆ ಸುರಿಯಿರಿ. ತಟ್ಟೆಗೆ ಕುದಿಯುವ ನೀರು ಹಾಕಿ ಉಜ್ಜಿ. ಅಂಚಿನ ಒಳಮಡಿಕೆ ಬಿಡಬೇಡಿ.

ಡೊಂಬಿವಲಿ ಶಾಲಿನಿ

ನೀರು ಒಲೆ ಮೇಲಿಟ್ಟೆ. ಪಕ್ಕದ ಮನೆಯವರ ಬಾಲ್ಕನಿಯಲ್ಲಿ ಹನ್ನೆರಡು ಕುಂಡ ಇವೆ, ಅವರನ್ನೂ ಕರೀತೀನಿ.